ಲಾಕ್‌ಡೌನ್ ಮತ್ತು ಕಣ್ಣಿನ ತುರ್ತು ಚಿಕಿತ್ಸೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿ

ಮುಂಗಾರಿಗೆ ಮೊದಲು ಕೊಳೆರೋಗದ ವಿಷಯ ಬರೆಯುವುದು ವಾಡಿಕೆ. ಈ ಬಾರಿ ಮದ್ದು ಹೊಡೆಯುವವರ ಕಣ್ಣಿನ ವಿಷಯ ಬರೆಯುತ್ತಿದ್ದೇವೆ.

ಮಲೆನಾಡಿಗರಾದ ನಮಗೆ ಕಣ್ಣಿನ ದೊಡ್ಡಾಸ್ಪತ್ರೆ ಎಂದರೆ ಬಹುಕಾಲದಿಂದ ಬೆಂಗಳೂರು ಚಾಮರಾಜಪೇಟೆಯ ಮಿಂಟೋ. 1896ರಲ್ಲಿ ಚಿಕ್ಕಪೇಟೆಯಲ್ಲಿ ಸಣ್ಣದಾಗಿ ಆರಂಭವಾಗಿ, 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಸರ್ಕಾರಿ ಆಸ್ಪತ್ರೆ ಇದು. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಮೆಜೆಸ್ಟಿಕ್, ಅಲ್ಲಿಂದ ಆಟೋ. ಈ ದಾರಿ 2020ರ ಮಾರ್ಚ್ 25ರಿಂದ ಕಡಿದುಹೋಯಿತು.

ಆದೇಶದಲ್ಲಿ ಆಸ್ಪತ್ರೆಗಳಿಗೂ ತುರ್ತು ರೋಗಿಗಳಿಗೂ ವಿನಾಯಿತಿ ಇತ್ತೆಂಬುದು ನಿಜ. ಆದರೆ ರಾಜ್ಯದ ಸಾರಿಗೆ ಬಸ್ಸುಗಳು ಮತ್ತೆ ಹೊರಟದ್ದು ಮೇ 19ಕ್ಕೆ. ಸ್ವಂತ ವಾಹನವಿಲ್ಲದ ಕೂಲಿಯಾಳಿಗೆ ವಿನಾಯಿತಿಯಿಂದ ಏನು ಪ್ರಯೋಜನ? ಮಿಂಟೋದ ನೆರೆಯ ವಿಕ್ಟೋರಿಯಾ ಕೋವಿಡ್ ಆಸ್ಪತ್ರೆಯಾದ ಮೇಲೆ, ಕಾರು ಇದ್ದವರೂ ಆ ಕಡೆ ಹೋಗಲು ಅಂಜಿದರು.

ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವಂತೆ ಸೂಚನೆ ಬಂತು. ಕಣ್ಣಿನ ಪೊರೆ ತೆಗೆಸುವುದು ಸಾಮಾನ್ಯವಾಗಿ ಕೆಲವು ತಿಂಗಳು ಕಾಯಬಲ್ಲದು. ಆದರೆ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದು ರೋಗಿಗೆ ತಿಳಿಯಬೇಕಲ್ಲ! ಹಠಾತ್ತನೆ ತೀವ್ರ ನೋವು, ವಾಂತಿಯೊಡನೆ ಕಣ್ಣು ಕೆಂಪಾಗಿ ಮಂಜಾದರೆ ಅದು ಒಂದು ಬಗೆಯ ಗ್ಲಾಕೋಮಾ ಇರಬಹುದು. ಅಲ್ಲಿ ಲೆಕ್ಕ ಗಂಟೆಗಳದ್ದು.

ನಮ್ಮ ತೋಟಗಳಲ್ಲಿ ಹೆಚ್ಚು ಮೋಸ ಮಾಡುವುದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದ ಹುಣ್ಣು. ಮರಗಸಿ ಮಾಡುವಾಗ ಸೊಪ್ಪು, ಚಿಗುರು ತೆಗೆಯುವಾಗ ಕಾಫಿ ರೆಕ್ಕೆ ತಾಗುತ್ತದೆ. ಗಾಯ ಸಣ್ಣದು, ಆದರೆ ಅದರೊಡನೆ ಶಿಲೀಂಧ್ರ ಒಳಸೇರುತ್ತದೆ. ಎರಡು ಮೂರು ದಿನ ಮಣ್ಣು ಬಿದ್ದಂತೆ ಕಿರಿಕಿರಿ, ಆಮೇಲೆ ಬಿಳಿ ಚುಕ್ಕೆ. ಆ ಹೊತ್ತಿಗೆ ಬಸ್ಸಿಲ್ಲವೆಂದು ನಂದಿಬಟ್ಟಲು ರಸವನ್ನೋ, ಅಂಗಡಿಯ ಸ್ಟಿರಾಯ್ಡ್ ಹನಿಯನ್ನೋ ಹಾಕಿದರೆ ಕೆಟ್ಟಿತು. ಸ್ಟಿರಾಯ್ಡಿನಿಂದ ಕೆಂಪು ಇಳಿದು ವಾಸಿಯಾದಂತೆ ತೋರುತ್ತದೆ. ಒಳಗೆ ಶಿಲೀಂಧ್ರ ಹಬ್ಬುತ್ತದೆ. ಪಟಲ ಕಲೆಗಟ್ಟಿದ ಮೇಲೆ ಉಳಿಯುವ ದಾರಿ ದಾನದ ಪಟಲವನ್ನು ಕಸಿ ಮಾಡಿಸುವುದು. ಲಾಕ್‌ಡೌನಿನಲ್ಲಿ ಮನೆಗಳಿಂದ ಕಣ್ಣು ಸಂಗ್ರಹಿಸುವುದೂ ಬಹುಮಟ್ಟಿಗೆ ನಿಂತಿತ್ತು.

2021ರ ಲಾಕ್‌ಡೌನ್ ನಮ್ಮ ಮಟ್ಟಿಗೆ ಇನ್ನೂ ಕೆಟ್ಟ ಸಮಯಕ್ಕೆ ಬಂತು. ಏಪ್ರಿಲ್ 27ಕ್ಕೆ ಆರಂಭವಾದದ್ದು ಜೂನ್ 14ರಿಂದ ಹಲವೆಡೆ ಸಡಿಲವಾಯಿತು. ಆದರೆ ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಕೊಡಗು, ದಕ್ಷಿಣ ಕನ್ನಡಗಳಲ್ಲಿ ಇನ್ನೊಂದು ವಾರ ಮುಂದುವರಿಯಿತು. ಅದು ಬೋರ್ಡೋ ಹೊಡೆಯುವ ಕಾಲ. ಅದೇ ದಿನಗಳಲ್ಲಿ ಬೆಂಗಳೂರಿನ ಕಣ್ಣಿನ ವೈದ್ಯರ ಮೇಲೆ ಕಪ್ಪು ಶಿಲೀಂಧ್ರ ರೋಗದ ಹೊರೆಯೂ ಬಿತ್ತು.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಆ ಸುಣ್ಣ ಕಣ್ಣಿಗೆ ಸಿಡಿದರೆ ಏನು ಮಾಡಬೇಕೆಂಬುದು ಮಾತ್ರ ಅನೇಕರಿಗೆ ತಿಳಿಯದು. ಸುಣ್ಣ ಕಣ್ಣನ್ನು ಸುಟ್ಟು ಒಳಗಿಳಿಯುತ್ತಲೇ ಹೋಗುತ್ತದೆ. ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ಮೊದಲು ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ಶುದ್ಧ ನೀರು ಸುರಿಯಬೇಕು. ಹರಳು ಉಳಿದಿದ್ದರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು. ನಿಂಬೆರಸ, ಹರಳೆಣ್ಣೆ, ಮೊಲೆಹಾಲು ಯಾವುದೂ ಬೇಡ. ಕಣ್ಣೊಳಗೆ ಮುಳ್ಳು, ಕಬ್ಬಿಣದ ಚೂರು ನಾಟಿಕೊಂಡಿದ್ದರೆ ಮಾತ್ರ ತೊಳೆಯದೆ, ಕೀಳದೆ, ಒತ್ತದೆ, ಮೇಲೆ ಕಾಗದದ ಲೋಟ ಮುಚ್ಚಿ ಕರೆದೊಯ್ಯಬೇಕು.

ನೇರ ಬೆಂಗಳೂರಿಗೇ ಎಂಬ ಹಠವೂ ಬೇಡವೆಂದು ನಮ್ಮ ಅಭಿಪ್ರಾಯ. ಶಿವಮೊಗ್ಗ, ಹಾಸನ, ಮಡಿಕೇರಿಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನೇತ್ರ ವಿಭಾಗಗಳಿವೆ. ಅಲ್ಲಿ ಮೊದಲ ಚಿಕಿತ್ಸೆ ಪಡೆದು, ಬೇಕಾದರೆ ಅವರ ಚೀಟಿಯೊಡನೆ ಮಿಂಟೋಗೆ ಹೋಗಬಹುದು.

ಈ ವರ್ಷ ಮದ್ದು ಕಲಸುವ ಪೀಪಾಯಿಯ ಪಕ್ಕದಲ್ಲಿ ಎರಡು ಕೊಡ ಶುದ್ಧ ನೀರನ್ನೂ, ಮದ್ದು ಕಲಸುವವನಿಗೂ ಹೊಡೆಯುವವನಿಗೂ ಒಂದೊಂದು ಕಣ್ಕಾಪನ್ನೂ ಇಡಬೇಕೆಂದು ಸದಸ್ಯ ಬಾಂಧವರಲ್ಲಿ ಕೇಳಿಕೊಳ್ಳುತ್ತೇವೆ.