ಆನ್‌ಲೈನ್ ಖರೀದಿಯ ಯುಗದಲ್ಲಿ ಗ್ರಾಹಕರ ವೆಚ್ಚ: ಸಣ್ಣ ಉದ್ದಿಮೆದಾರರು ಹಾಕಬೇಕಾದ ಲೆಕ್ಕ

ದಸರೆಯಿಂದ ದೀಪಾವಳಿಯವರೆಗಿನ ವಾರಗಳು ನಮ್ಮ ದೇಶದ ಚಿಲ್ಲರೆ ವರ್ತಕರಿಗೆ ಸುಗ್ಗಿಯ ಕಾಲ. ಬಟ್ಟೆ, ಪಾತ್ರೆ, ಪೀಠೋಪಕರಣ, ಗೃಹೋಪಯೋಗಿ ಯಂತ್ರ ಮುಂತಾದ ವ್ಯಾಪಾರಗಳಲ್ಲಿ ವರ್ಷದ ಲಾಭನಷ್ಟಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಅವಧಿಯಲ್ಲಿಯೇ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ಸಂಸ್ಥೆಯು ಭಾರಿ ರಿಯಾಯಿತಿಯ ಮಾರಾಟವನ್ನು ನಡೆಸಿದ ಮೇಲೆ ಈ ಸುಗ್ಗಿಗೆ ಹೊಸ ಪಾಲುದಾರರು ಬಂದಿದ್ದಾರೆ. ಅಂದಿನಿಂದ ಪ್ರತಿವರ್ಷವೂ ಹಬ್ಬದ ಖರೀದಿ ಮೊಬೈಲ್ ಫೋನಿನಲ್ಲಿ ಆರಂಭವಾಗಿ ಅನಂತರ ಪೇಟೆಬೀದಿಗೆ ಬರುತ್ತಿದೆ. "ಆನ್‌ಲೈನಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ" ಎಂಬ ಮಾತನ್ನು ಕೇಳದ ಅಂಗಡಿಯವರು ಇಂದು ವಿರಳ.

ಈ ಬೆಳವಣಿಗೆಯ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಅಂಗಡಿ ವ್ಯಾಪಾರದ ಕಾಲ ಮುಗಿಯಿತೆಂದು ಕೆಲವರು ನಿರಾಶರಾಗಿದ್ದಾರೆ. ಮತ್ತೆ ಕೆಲವರು ತಮ್ಮ ಸರಕನ್ನು ಜಾಲತಾಣಕ್ಕೆ ಏರಿಸಿದರೆ ಸಾಕು, ದೇಶವೆಲ್ಲವೂ ತಮ್ಮ ಮಾರುಕಟ್ಟೆಯಾಗುವುದೆಂದು ನಂಬಿ ಅವಸರದಿಂದ ಹೆಜ್ಜೆಯಿಟ್ಟಿದ್ದಾರೆ. ಈ ಎರಡೂ ತೀರ್ಮಾನಗಳು ಲೆಕ್ಕ ಹಾಕದೆ ಬಂದವು. ಗ್ರಾಹಕನ ವೆಚ್ಚ ಯಾವ ಕಡೆಗೆ ಸಾಗುತ್ತಿದೆ, ಆನ್‌ಲೈನ್ ಮಾರಾಟದಲ್ಲಿ ಮಾರುವವನ ಕೈಗೆ ಕೊನೆಗೆ ಉಳಿಯುವುದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕುಟುಂಬದ ವೆಚ್ಚದ ಸ್ವರೂಪ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ನಡೆಸುವ ಕುಟುಂಬ ಅನುಭೋಗ ವೆಚ್ಚದ ಸಮೀಕ್ಷೆಯು ಈ ವಿಷಯದಲ್ಲಿ ನಂಬಬಹುದಾದ ಆಧಾರ. 2011-12ರಲ್ಲಿ ಗ್ರಾಮೀಣ ಪ್ರದೇಶದಲ್ಲಿ ತಲಾ ಮಾಸಿಕ ವೆಚ್ಚ ಸರಾಸರಿ 1,430 ರೂಪಾಯಿಗಳಿದ್ದು, ನಗರ ಪ್ರದೇಶದಲ್ಲಿ 2,630 ರೂಪಾಯಿಗಳಿತ್ತು. 2023-24ರ ಸಮೀಕ್ಷೆಯಲ್ಲಿ ಇವು ಕ್ರಮವಾಗಿ 4,122 ಮತ್ತು 6,996 ರೂಪಾಯಿಗಳಾಗಿವೆ. ಈ ಏರಿಕೆಯಲ್ಲಿ ಬೆಲೆಯೇರಿಕೆಯ ಪಾಲೂ ಸೇರಿದೆ ಎಂಬುದನ್ನು ಮರೆಯಬಾರದು. ಆದರೆ ಬೆಲೆಯೇರಿಕೆಯಿಂದ ವಿವರಿಸಲಾಗದ ಒಂದು ಸಂಗತಿ ಇಲ್ಲಿದೆ. 2011-12ರಲ್ಲಿ ನಗರವಾಸಿಯ ವೆಚ್ಚವು ಗ್ರಾಮವಾಸಿಯ ವೆಚ್ಚಕ್ಕಿಂತ ಶೇ. 84ರಷ್ಟು ಹೆಚ್ಚಾಗಿತ್ತು. 2023-24ರಲ್ಲಿ ಈ ಅಂತರ ಶೇ. 70ಕ್ಕೆ ಇಳಿದಿದೆ.

ವೆಚ್ಚದ ಹಂಚಿಕೆಯಲ್ಲಿಯೂ ಮುಖ್ಯ ಬದಲಾವಣೆಯಾಗಿದೆ. 1999-2000ದಲ್ಲಿ ಗ್ರಾಮೀಣ ಕುಟುಂಬವು ನೂರು ರೂಪಾಯಿಗಳಲ್ಲಿ 59 ರೂಪಾಯಿಗಳಿಗೂ ಹೆಚ್ಚು ಹಣವನ್ನು ಆಹಾರಕ್ಕೆ ವ್ಯಯಿಸುತ್ತಿತ್ತು. 2023-24ರಲ್ಲಿ ಅದು ಸುಮಾರು 47 ರೂಪಾಯಿಗಳಷ್ಟಾಗಿದೆ. ನಗರಗಳಲ್ಲಿ ಇದೇ ಪ್ರಮಾಣ 48ರಿಂದ ಸುಮಾರು 40ಕ್ಕೆ ಬಂದಿದೆ. ಆಹಾರದ ಒಳಗೆ ನೋಡಿದರೆ ಗ್ರಾಮೀಣ ಕುಟುಂಬದ ಒಟ್ಟು ವೆಚ್ಚದಲ್ಲಿ ಧಾನ್ಯದ ಪಾಲು ಶೇ. 22ರ ಆಸುಪಾಸಿನಿಂದ ಶೇ. 5ರ ಹತ್ತಿರಕ್ಕೆ ಕುಸಿದಿದ್ದು, ಪಾನೀಯ ಮತ್ತು ಸಿದ್ಧ ಆಹಾರಗಳ ಪಾಲು ಅದರ ಸುಮಾರು ಎರಡರಷ್ಟಿದೆ.

ವರ್ತಕರಿಗೆ ಇದರ ಅರ್ಥ ಸ್ಪಷ್ಟ. ಅಕ್ಕಿ, ಜೋಳ, ರಾಗಿಗೆ ಹೋಗುತ್ತಿದ್ದ ಹಣದ ಒಂದು ಭಾಗ ಬಿಡುಗಡೆಯಾಗಿ ಉಡುಪು, ಪ್ರಯಾಣ, ಮನರಂಜನೆ, ಬಾಳಿಕೆಯ ವಸ್ತುಗಳ ಕಡೆಗೆ ಹರಿಯುತ್ತಿದೆ. ಇವುಗಳಲ್ಲಿ ಬಹುಪಾಲು ಗ್ರಾಹಕನು ಇಂದು ಕೊಳ್ಳಬಹುದು, ನಾಳೆಗೂ ಮುಂದೂಡಬಹುದು. ಹತ್ತು ಕಡೆ ಬೆಲೆ ವಿಚಾರಿಸಿ, ಹೋಲಿಸಿ ನೋಡುವಷ್ಟು ವ್ಯವಧಾನ ಅವನಿಗಿರುವುದು ಇಂತಹ ಖರೀದಿಗಳಲ್ಲಿಯೇ. ಆನ್‌ಲೈನ್ ಮಾರಾಟವು ಮೊದಲು ಕೈಹಾಕಿದ್ದೂ ಇವುಗಳಿಗೇ.

ನಂಬಿಕೆ ಬೆಳೆದ ಬಗೆ

ನಮ್ಮ ದೇಶದ ಮಧ್ಯಮ ವರ್ಗಕ್ಕೆ ಜಾಲತಾಣದಲ್ಲಿ ಹಣ ತೆರುವ ಅಭ್ಯಾಸವನ್ನು ಕಲಿಸಿದ್ದು ಯಾವ ಅಂಗಡಿಯೂ ಅಲ್ಲ, ರೈಲ್ವೆ. 2002ರಲ್ಲಿ ಆರಂಭವಾದ ಐ.ಆರ್.ಸಿ.ಟಿ.ಸಿ.ಯ ಟಿಕೆಟ್ ವ್ಯವಸ್ಥೆ ಆ ಮೊದಲ ಪಾಠಶಾಲೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಸರಕು ಕೈಸೇರಿದ ಮೇಲೆ ಹಣ ಕೊಡುವ 'ಕ್ಯಾಷ್ ಆನ್ ಡೆಲಿವರಿ' ಪದ್ಧತಿಯನ್ನು ಜಾರಿಗೆ ತಂದಿತು. ಕಾರ್ಡ್ ಇಲ್ಲದವರೂ, ಇದ್ದು ಅಂಜುತ್ತಿದ್ದವರೂ ಗ್ರಾಹಕರಾದದ್ದು ಈ ಪದ್ಧತಿಯಿಂದ. ಕಾಣದ ಅಂಗಡಿಯವನನ್ನು ನಂಬಲಾರದ ಗ್ರಾಹಕನಿಗೆ ನಂಬಿಕೆಯನ್ನು ಸಾಲವಾಗಿ ಕೊಟ್ಟಂತೆ ಇದು ಕೆಲಸ ಮಾಡಿತು. ಆದರೆ ಆ ಸಾಲದ ಬಡ್ಡಿಯನ್ನು ಇಂದಿಗೂ ತೆರುತ್ತಿರುವವರು ಮಾರಾಟಗಾರರು. ಅದನ್ನು ಮುಂದೆ ನೋಡೋಣ.

2013ರ ಜೂನ್ ತಿಂಗಳಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ಮಾರುಕಟ್ಟೆಯನ್ನು ತೆರೆಯಿತು. 2016ರ ಏಪ್ರಿಲಿನಲ್ಲಿ ಯು.ಪಿ.ಐ. ಪಾವತಿ ವ್ಯವಸ್ಥೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರಜಾಲದ ಬಳಕೆ ಅಗ್ಗವಾಯಿತು. ನವೆಂಬರ್ 8ರಂದು ನೋಟು ರದ್ದತಿಯ ಘೋಷಣೆಯಾಯಿತು. 2020ರ ಕೋವಿಡ್ ದಿಗ್ಬಂಧನವು ಉಳಿದಿದ್ದ ಹಿಂಜರಿಕೆಯನ್ನೂ ಬಹುಮಟ್ಟಿಗೆ ತೊಡೆದುಹಾಕಿತು. ಯು.ಪಿ.ಐ. ಮೂಲಕ ಒಂದು ತಿಂಗಳಿಗೆ ನಡೆಯುವ ವಹಿವಾಟುಗಳ ಸಂಖ್ಯೆ 2023ರ ಆಗಸ್ಟಿನಲ್ಲಿ ಮೊದಲ ಬಾರಿಗೆ 1,000 ಕೋಟಿಯನ್ನೂ, 2025ರ ಆಗಸ್ಟಿನಲ್ಲಿ 2,000 ಕೋಟಿಯನ್ನೂ ದಾಟಿತು.

ಇತ್ತೀಚಿನ ಹಂತವೆಂದರೆ ದಿನಸಿ, ಹಾಲು, ತರಕಾರಿಗಳನ್ನು ನಿಮಿಷಗಳಲ್ಲಿ ಮನೆಗೆ ತಲುಪಿಸುವ ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೊ ಮುಂತಾದ ಸೇವೆಗಳು. ಗ್ರಾಹಕರಿಗೆ ಬಾಗಿಲು ತೆರೆಯದ, ಬಡಾವಣೆಗಳ ನಡುವೆಯೇ ಇರುವ ದಾಸ್ತಾನು ಮಳಿಗೆಗಳಿಂದ ಇವು ಸರಕನ್ನು ಕಳುಹಿಸುತ್ತವೆ. ಮೊದಲ ಹಂತದ ಜಾಲತಾಣಗಳು ಪೇಟೆಯ ದೊಡ್ಡ ಅಂಗಡಿಗಳೊಂದಿಗೆ ಸ್ಪರ್ಧಿಸಿದವು. ಈ ಸೇವೆಗಳು ಬೀದಿಯ ಮೂಲೆಯ ಕಿರಾಣಿ ಅಂಗಡಿಯ ಸಾಮೀಪ್ಯವೆಂಬ ಬಂಡವಾಳಕ್ಕೇ ಕೈಹಾಕಿವೆ. ಮಹಾನಗರಗಳ ಕಿರಾಣಿ ವರ್ತಕರ ಆತಂಕಕ್ಕೆ ಕಾರಣವಿದೆ.

ವಾಪಸಾಗುವ ಸರಕಿನ ಲೆಕ್ಕ

ಇನ್ನು ಮಾರಾಟಗಾರನ ಪಕ್ಷವನ್ನು ನೋಡೋಣ. ಹಾಸುಹೊದಿಕೆಗಳನ್ನು ತಯಾರಿಸುವ ಒಬ್ಬ ಸಣ್ಣ ಉದ್ದಿಮೆದಾರನನ್ನು ಉದಾಹರಣೆಯಾಗಿ ಭಾವಿಸಿಕೊಳ್ಳೋಣ. ಕೆಳಗಿನ ಅಂಕಿಗಳು ಕೇವಲ ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಇಟ್ಟು ನೋಡಬೇಕು.

ತೆರಿಗೆ ಬಿಟ್ಟು ಮಾರಾಟದ ಬೆಲೆ 500 ರೂಪಾಯಿ. ತಯಾರಿಕೆಯ ವೆಚ್ಚ 300, ಜಾಲತಾಣದ ಕಮಿಷನ್ 60, ಸಾಗಣೆ 65, ಪ್ಯಾಕಿಂಗ್ 10. ಉಳಿಯುವುದು 65 ರೂಪಾಯಿ. ನೂರು ಆದೇಶಗಳು ಬಂದರೆ 6,500 ರೂಪಾಯಿ ಲಾಭವೆಂದು ಅವನು ಭಾವಿಸುತ್ತಾನೆ.

ಈ ನೂರರಲ್ಲಿ ಇಪ್ಪತ್ತು ವಾಪಸಾದವೆಂದು ಇಟ್ಟುಕೊಳ್ಳೋಣ. ನಿಜವಾಗಿ ಮಾರಾಟವಾದ ಎಂಬತ್ತರಿಂದ ಬರುವುದು 5,200 ರೂಪಾಯಿ. ವಾಪಸಾದ ಪ್ರತಿಯೊಂದಕ್ಕೂ ಹೋಗುವ ಸಾಗಣೆ, ಬರುವ ಸಾಗಣೆ, ಪ್ಯಾಕಿಂಗ್ ಸೇರಿ 140 ರೂಪಾಯಿಯಂತೆ 2,800 ರೂಪಾಯಿ ಕಳೆಯುತ್ತದೆ. ಅವುಗಳಲ್ಲಿ ಐದು ಕೊಳೆಯಾಗಿ ಅಥವಾ ಹರಿದು ಮರುಮಾರಾಟಕ್ಕೆ ಬಾರದಿದ್ದರೆ ಮತ್ತೆ 1,500 ರೂಪಾಯಿ ನಷ್ಟ. ಉಳಿದದ್ದು 900 ರೂಪಾಯಿ. ಜಾಲತಾಣದಲ್ಲಿ ಸರಕು ಮೇಲಿನ ಸಾಲಿನಲ್ಲಿ ಕಾಣಲೆಂದು ಆದೇಶವೊಂದಕ್ಕೆ 10 ರೂಪಾಯಿಯಂತೆ ಜಾಹೀರಾತಿಗೆ ಕೊಟ್ಟಿದ್ದರೆ 1,000 ರೂಪಾಯಿ ಖರ್ಚಾಗಿ, ಕೊನೆಗೆ ನೂರು ರೂಪಾಯಿ ಕೈಯಿಂದಲೇ ಹೋಗುತ್ತದೆ. ವಹಿವಾಟಿನ ಪುಸ್ತಕದಲ್ಲಿ ಮಾತ್ರ 40,000 ರೂಪಾಯಿಗಳ ಮಾರಾಟ ಕಾಣುತ್ತಿರುತ್ತದೆ.

ವಾಪಸಾತಿಯನ್ನು ಹತ್ತಕ್ಕೆ ಇಳಿಸಿ, ಕೆಟ್ಟುಹೋಗುವುದನ್ನು ಎರಡಕ್ಕೆ ಮಿತಿಗೊಳಿಸಿದರೆ ಚಿತ್ರವೇ ಬದಲಾಗುತ್ತದೆ. ತೊಂಬತ್ತರಿಂದ 5,850 ರೂಪಾಯಿ ಬಂದು, ಸಾಗಣೆಗೆ 1,400, ಕೆಟ್ಟ ಸರಕಿಗೆ 600, ಜಾಹೀರಾತಿಗೆ 1,000 ಕಳೆದು 2,850 ರೂಪಾಯಿ ಉಳಿಯುತ್ತದೆ. ಬೆಲೆಯೂ ಕಮಿಷನ್ನೂ ಹಾಗೆಯೇ ಇವೆ. ನಷ್ಟವನ್ನು ಲಾಭವಾಗಿಸಿದ್ದು ವಾಪಸಾತಿಯ ಪ್ರಮಾಣ ಒಂದೇ.

ಇದೇ ನೂರು ಹೊದಿಕೆಗಳನ್ನು ಪೇಟೆಯ ಅಂಗಡಿಗೆ 350 ರೂಪಾಯಿಯಂತೆ ಸಗಟಾಗಿ ಕೊಟ್ಟಿದ್ದರೆ ಲಾಭ 5,000 ರೂಪಾಯಿ. ಮೂರು ತಿಂಗಳ ಉದ್ದರಿಗೆ ಶೇ. 12ರಂತೆ ಬಡ್ಡಿ 1,050 ರೂಪಾಯಿ ಕಳೆದರೂ 3,950 ರೂಪಾಯಿ ಉಳಿಯುತ್ತದೆ. ಉದ್ದರಿ ವಸೂಲಾಗದೆ ಹೋಗುವ ಅಪಾಯ ಇಲ್ಲಿ ಉಂಟು. ಆದುದರಿಂದ ಒಂದು ಮಾರ್ಗ ಸದಾ ಮೇಲು, ಇನ್ನೊಂದು ಕೀಳು ಎನ್ನುವಂತಿಲ್ಲ. ಎರಡನ್ನೂ ಕೊನೆಯ ಸಾಲಿನವರೆಗೆ ಲೆಕ್ಕ ಹಾಕಿ ಹೋಲಿಸಬೇಕು.

ವಾಪಸಾತಿಯನ್ನು ತಗ್ಗಿಸುವ ಉಪಾಯಗಳು ಬಹುಪಾಲು ಉದ್ದಿಮೆದಾರನ ಕೈಯಲ್ಲಿಯೇ ಇವೆ. ಅಳತೆಯನ್ನು ಸೆಂಟಿಮೀಟರುಗಳಲ್ಲಿ ಸ್ಪಷ್ಟವಾಗಿ ಕೊಡಬೇಕು. ಬಣ್ಣವನ್ನು ಹಗಲಿನ ಬೆಳಕಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ತೋರಿಸಬೇಕು. ಒಗೆದರೆ ಕುಗ್ಗುವ ಬಟ್ಟೆಯಾದರೆ ಅದನ್ನು ಬರೆಯಬೇಕು. ಯಾವ ಸರಕು ಯಾವ ಕಾರಣಕ್ಕೆ ಮರಳಿ ಬಂದಿತೆಂದು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು. ಕ್ಯಾಷ್ ಆನ್ ಡೆಲಿವರಿಯ ಆದೇಶಗಳನ್ನು ಬಾಗಿಲಲ್ಲಿಯೇ ನಿರಾಕರಿಸಿದರೂ ಗ್ರಾಹಕನಿಗೆ ನಷ್ಟವಿಲ್ಲ. ಅದರ ಸಾಗಣೆಯ ಖರ್ಚು ತನ್ನ ಮೇಲೆ ಬೀಳುವುದೇ ಎಂಬುದನ್ನು ಒಪ್ಪಂದದ ಷರತ್ತಿನಲ್ಲಿ ಮೊದಲೇ ಓದಿಕೊಳ್ಳಬೇಕು.

ತೆರಿಗೆ ಮತ್ತು ನಿಯಮಗಳು

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದಾಗ ಜಾಲತಾಣದ ಮೂಲಕ ಸರಕು ಮಾರುವವರು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಪಡೆಯಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ನಿಯಮ ಸಡಿಲಗೊಂಡಿದೆ. ರಾಜ್ಯದೊಳಗೆ ಮಾತ್ರ ಮಾರುವ, ವಹಿವಾಟಿನ ಮಿತಿಯನ್ನು ದಾಟದ ಸಣ್ಣ ವರ್ತಕರು ಜಿ.ಎಸ್.ಟಿ. ಜಾಲತಾಣದಲ್ಲಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ನೋಂದಣಿಯಿಲ್ಲದೆ ಮಾರಬಹುದು. ಹೊರರಾಜ್ಯಕ್ಕೆ ಕಳುಹಿಸುವುದಾದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಮಾರಾಟ ಸಂಸ್ಥೆಯ ಹೊರರಾಜ್ಯದ ಗೋದಾಮಿನಲ್ಲಿ ಸರಕು ಇಡುವುದಾದರೆ ಆ ರಾಜ್ಯದಲ್ಲಿಯೂ ನೋಂದಣಿ ಬೇಕಾಗುತ್ತದೆ.

ಮಾರಾಟ ಸಂಸ್ಥೆಯು ನೋಂದಾಯಿತ ಮಾರಾಟಗಾರನ ಹಣದಲ್ಲಿ ಜಿ.ಎಸ್.ಟಿ. ಲೆಕ್ಕಕ್ಕೆ ಹಿಡಿಯುವ ಮೊತ್ತವನ್ನು 2024ರ ಜುಲೈ 10ರಿಂದ ಶೇ. 1ರಿಂದ ಶೇ. 0.5ಕ್ಕೂ, ಆದಾಯ ತೆರಿಗೆಯ ಲೆಕ್ಕಕ್ಕೆ ಹಿಡಿಯುವುದನ್ನು 2024ರ ಅಕ್ಟೋಬರ್ 1ರಿಂದ ಶೇ. 1ರಿಂದ ಶೇ. 0.1ಕ್ಕೂ ಇಳಿಸಲಾಯಿತು. ಇವು ಖರ್ಚುಗಳಲ್ಲ, ಲೆಕ್ಕಪತ್ರ ಸಲ್ಲಿಸಿ ಹೊಂದಿಸಿಕೊಳ್ಳಬಹುದಾದ ಹಣ. ಆದರೆ ಲೆಕ್ಕಪತ್ರದಲ್ಲಿ ಉದಾಸೀನ ತೋರುವವರಿಗೆ ಇವು ಖರ್ಚಾಗಿಯೇ ಪರಿಣಮಿಸುತ್ತವೆ.

ಲೆಕ್ಕ ಇಡುವುದರ ಅಗತ್ಯವನ್ನು ನಮ್ಮ ರಾಜ್ಯದ ಅನುಭವವೂ ಹೇಳುತ್ತದೆ. 2025ರ ಜುಲೈನಲ್ಲಿ ಯು.ಪಿ.ಐ. ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆಗಳ ಇಲಾಖೆಯಿಂದ ಸಣ್ಣ ವರ್ತಕರಿಗೆ ನೋಟೀಸುಗಳು ಬಂದಾಗ, ಹಲವು ಅಂಗಡಿಗಳವರು ನಗದು ಮಾತ್ರ ಎಂಬ ಫಲಕ ಹಾಕಿದರು. ಹಾಲು, ತಾಜಾ ತರಕಾರಿಗಳಂತಹ ತೆರಿಗೆಯಿಲ್ಲದ ಸರಕಿನ ಮಾರಾಟ, ಮನೆಮಂದಿಯ ನಡುವಿನ ಹಣ ವರ್ಗಾವಣೆ ಮತ್ತು ತೆರಿಗೆಯುಳ್ಳ ವ್ಯಾಪಾರ ಇವೆಲ್ಲ ಒಂದೇ ಖಾತೆಗೆ ಬಂದಿದ್ದರೆ ಅವುಗಳನ್ನು ಬೇರ್ಪಡಿಸಿ ತೋರಿಸುವ ಹೊಣೆ ವರ್ತಕನದೇ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆಯೂ ದಿನವಹಿಯೂ ಇದ್ದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳನ್ನೂ ಸದಸ್ಯರು ಗಮನಿಸಬೇಕು. ದೋಷವುಳ್ಳ ಅಥವಾ ವಿವರಣೆಗೆ ಹೊಂದದ ಸರಕನ್ನು ಮಾರಾಟಗಾರನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಇನ್ನು ದೊಡ್ಡ ಜಾಲತಾಣಗಳು ಕೆಲವೇ ಮಾರಾಟಗಾರರಿಗೆ ಒಲವು ತೋರುತ್ತವೆಂಬುದು ವರ್ತಕ ಸಮುದಾಯದ ಹಳೆಯ ದೂರು. ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಈ ಬಗ್ಗೆ ತನಿಖೆಗೆ ಆದೇಶಿಸಿತು. ಕೇಂದ್ರ ಸರ್ಕಾರದ ಪ್ರೋತ್ಸಾಹದಿಂದ 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಓ.ಎನ್.ಡಿ.ಸಿ. ಜಾಲದ ಪ್ರಯೋಗ 2022ರಲ್ಲಿ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಆರಂಭವಾಯಿತು. ಇದರಲ್ಲಿ ಒಂದು ಆ್ಯಪ್‌ನಲ್ಲಿ ಸೇರಿದ ವರ್ತಕನ ಸರಕು ಇತರ ಆ್ಯಪ್‌ಗಳ ಗ್ರಾಹಕರಿಗೂ ಕಾಣುತ್ತದೆ. ಆದರೂ ಸಾಗಣೆ ಮತ್ತು ವಾಪಸಾತಿಯ ಖರ್ಚು ಯಾವ ಜಾಲದಲ್ಲಿಯೂ ಮಾಯವಾಗುವುದಿಲ್ಲ.

ಅಂಗಡಿಯ ಬಲ

ಅಂಗಡಿ ವ್ಯಾಪಾರಕ್ಕೆ ತನ್ನದೇ ಆದ ಬಂಡವಾಳವಿದೆ. ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ತೋರಿಸುವುದು, ಪಂಪ್‌ಸೆಟ್ಟಿಗೆ ಸರಿಹೊಂದುವ ಬಿಡಿಭಾಗವನ್ನು ಕೈಯಲ್ಲಿ ಹಿಡಿದು ನೋಡಿ ಹೇಳುವುದು, ಮಿಕ್ಸಿ ಕೆಟ್ಟರೆ ಅಂದೇ ದುರಸ್ತಿ ಮಾಡಿಸಿಕೊಡುವುದು, ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಬರೆದುಕೊಳ್ಳುವುದು, ಇವು ಜಾಲತಾಣಕ್ಕೆ ಸುಲಭವಾಗಿ ಬಾರದ ಸೇವೆಗಳು. ಕೈಯಲ್ಲಿ ಮುಟ್ಟಿ ನೋಡಿ ಕೊಂಡ ಸರಕು ವಾಪಸು ಬರುವುದೂ ಅಪರೂಪ. ಮೇಲಿನ ಲೆಕ್ಕದಲ್ಲಿ ಆನ್‌ಲೈನ್ ಮಾರಾಟಗಾರನನ್ನು ನಷ್ಟಕ್ಕೆ ತಳ್ಳಿದ ಬಾಬ್ತು ಅಂಗಡಿಯವನಿಗೆ ಇಲ್ಲವೆಂಬುದೇ ಅವನ ದೊಡ್ಡ ಅನುಕೂಲ. ಬಾಡಿಗೆ ಮತ್ತು ಸಂಬಳದ ಹೊರೆಯನ್ನು ಅದು ಎಷ್ಟರಮಟ್ಟಿಗೆ ಸರಿದೂಗಿಸುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಪುಸ್ತಕ ತೆರೆದು ನೋಡಬೇಕು.

ಎಲ್ಲ ಕಡೆ ಒಂದೇ ಬಗೆಯಲ್ಲಿ ಸಿಗುವ, ಕಂಪನಿಯ ಹೆಸರಿನಿಂದಲೇ ಬಿಕರಿಯಾಗುವ ಸರಕಿನಲ್ಲಿ ಬೆಲೆಯ ಪೈಪೋಟಿಗೆ ಇಳಿಯುವುದು ಸಣ್ಣ ವರ್ತಕನಿಗೆ ಕ್ಷೇಮವಲ್ಲ. ಆಯ್ಕೆ, ಅಳತೆ, ಜೋಡಣೆ, ದುರಸ್ತಿಗಳ ಅಗತ್ಯವಿರುವ ಸರಕಿನ ಕಡೆಗೆ ದಾಸ್ತಾನಿನ ಪಾಲನ್ನು ಕ್ರಮೇಣ ಹೆಚ್ಚಿಸುವುದು ವಿವೇಕ. ಉದ್ದಿಮೆದಾರರು ಜಾಲತಾಣಕ್ಕೆ ಮೊದಲು ನಾಲ್ಕೈದು ಬಗೆಯ ಸರಕನ್ನು ಮಾತ್ರ ಏರಿಸಿ, ಮೂರು ತಿಂಗಳ ವಾಪಸಾತಿಯನ್ನು ನೋಡಿಕೊಂಡು ಮುಂದುವರಿಯುವುದು ಲೇಸು.

ಗ್ರಾಮೀಣ ಕುಟುಂಬದ ಕೈಯಲ್ಲಿ ಆಹಾರದ ಹೊರತಾಗಿ ವೆಚ್ಚ ಮಾಡುವ ಹಣ ಹೆಚ್ಚುತ್ತಿದೆ. ಅದು ಫೋನಿನ ಮೂಲಕ ಹೊರಗೆ ಹೋಗುವುದೋ, ತಾಲ್ಲೂಕು ಕೇಂದ್ರದ ಅಂಗಡಿಗೆ ಬರುವುದೋ, ಅಥವಾ ನಮ್ಮದೇ ಉದ್ದಿಮೆದಾರರ ಸರಕಿಗೆ ಸಲ್ಲುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಹಬ್ಬದ ಋತುವಿಗೆ ದಾಸ್ತಾನು ತರಿಸುವ ಮುನ್ನ ಸದಸ್ಯರು ಕಳೆದ ಋತುವಿನ ಪುಸ್ತಕ ತೆರೆದು, ಮಾರಾಟದ ಮೊತ್ತದ ಪಕ್ಕದಲ್ಲಿ ವಾಪಸು ಬಂದ ಸರಕಿನ ಮೊತ್ತವನ್ನೂ, ಕೈಯಲ್ಲಿ ಉಳಿದ ಮೊತ್ತವನ್ನೂ ಬರೆದು ನೋಡಬೇಕೆಂದು ವಿನಂತಿ.