ವೀಸಾ ಬೇಡದ ಊರಿಗೆ ಎರಡು ಪ್ರವೇಶದ ವೀಸಾ

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸ್ತೋಮದ ಮುಖ್ಯ ಪಟ್ಟಣವಾದ ಲಾಂಗ್‌ಇಯರ್‌ಬ್ಯೆನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, 1906ರಲ್ಲಿ ಅಮೆರಿಕದ ಉದ್ಯಮಿ ಜಾನ್ ಮನ್ರೋ ಲಾಂಗ್‌ಇಯರ್ ಕಲ್ಲಿದ್ದಲು ಗಣಿಗಾಗಿ ಕಟ್ಟಿಸಿದ ವಸತಿಯಿಂದ ಬೆಳೆದು ಇಂದು ಎರಡೂವರೆ ಸಾವಿರದಷ್ಟು ಜನರ ಊರಾಗಿದೆ. ಓಸ್ಲೋದಿಂದ ಸುಮಾರು ಮೂರು ಗಂಟೆಗಳ ವಿಮಾನಯಾನದಲ್ಲಿ ತಲುಪಬಹುದಾದ್ದರಿಂದ ದೂರವೇನೂ ದೊಡ್ಡ ತೊಡಕಲ್ಲ. ಭಾರತೀಯ ಪ್ರವಾಸಿಗರು ಮೊದಲು ಎಡವುವುದು ಕಾಗದಪತ್ರಗಳಲ್ಲಿ.

1920ರಲ್ಲಿ ಪ್ಯಾರಿಸ್‌ನಲ್ಲಿ ಸಹಿಯಾದ ಸ್ವಾಲ್ಬಾರ್ಡ್ ಒಪ್ಪಂದವು ಈ ದ್ವೀಪಗಳ ಮೇಲೆ ನಾರ್ವೆಯ ಸಾರ್ವಭೌಮತ್ವವನ್ನು ಮಾನ್ಯ ಮಾಡಿತಾದರೂ, ಸಹಿ ಹಾಕಿದ ದೇಶಗಳ ಪ್ರಜೆಗಳಿಗೆ ಅಲ್ಲಿ ಬಂದುಹೋಗುವ ಸಮಾನ ಹಕ್ಕನ್ನು ನೀಡಿತು; ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಅಂದಿನಿಂದಲೇ ಅದರಲ್ಲಿ ಸೇರಿದೆ. ಆದ್ದರಿಂದ ಸ್ವಾಲ್ಬಾರ್ಡ್‌ಗೆ ವೀಸಾ ಬೇಕಿಲ್ಲ. ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಪ್ರವೇಶಪತ್ರ ಸಾಕೆನ್ನುವ ಷೆಂಗೆನ್ ವ್ಯವಸ್ಥೆಗೆ ನಾರ್ವೆಯ ಮುಖ್ಯಭೂಮಿ ಸೇರಿದ್ದು ದ್ವೀಪಗಳು ಸೇರದಿರುವುದರಿಂದ, ಓಸ್ಲೋ ಮೂಲಕ ಹೋದವರು ಲಾಂಗ್‌ಇಯರ್‌ಬ್ಯೆನ್ ತಲುಪಿದೊಡನೆ ಷೆಂಗೆನ್ ಬಿಟ್ಟಂತಾಗುತ್ತದೆ, ಮರಳುವಾಗ ಹೊಸದಾಗಿ ಒಳಬರಬೇಕಾಗುತ್ತದೆ. ಒಂದೇ ಪ್ರವೇಶದ ವೀಸಾ ಪಡೆದವರಿಗೆ ಹಿಂದಿರುಗುವ ದಾರಿಯೇ ಮುಚ್ಚಿಹೋಗುವ ಕಾರಣ, ಅರ್ಜಿಯಲ್ಲೇ ಎರಡು ಅಥವಾ ಹೆಚ್ಚಿನ ಪ್ರವೇಶಗಳನ್ನು ಕೋರುವುದು ಅನಿವಾರ್ಯ.

ತಿಂಗಳನ್ನು ಆರಿಸುವಾಗ ಚಳಿಗಿಂತ ಬೆಳಕಿನ ಲೆಕ್ಕವೇ ಮುಖ್ಯವೆನ್ನಬೇಕು. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ಸಾಗರಪ್ರವಾಹದಿಂದಾಗಿ ಇಲ್ಲಿನ ಚಳಿ ಇಷ್ಟು ಉತ್ತರದ ಊರಿಗೆ ಹೋಲಿಸಿದರೆ ಕಡಿಮೆಯೇ. ಆದರೆ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗಿನ ಧ್ರುವರಾತ್ರಿಯಲ್ಲಿ ನಡುಹಗಲೂ ಕತ್ತಲೆಯಿದ್ದು, ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರದ ತನಕ ಸೂರ್ಯ ಮುಳುಗುವುದೇ ಇಲ್ಲ. ಹಿಮವೂ ಹಗಲೂ ಒಟ್ಟಿಗೆ ಬೇಕೆನ್ನುವವರಿಗೆ ಮಾರ್ಚ್, ದೋಣಿಯಾನ ಬಯಸುವವರಿಗೆ ಜುಲೈ ಸೂಕ್ತ.

ಊರಿನೊಳಗೆ ಓಡಾಟ ಸುಲಭ. ಹಲವು ಹೋಟೆಲುಗಳಲ್ಲಿ ಗಣಿ ಕಾರ್ಮಿಕರ ಕಾಲದ ಪದ್ಧತಿಯಂತೆ ಇಂದಿಗೂ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡಬೇಕು, ಇದನ್ನು ಕನ್ನಡಿಗರಿಗೆ ಕಲಿಸಿಕೊಡಬೇಕಾಗಿಲ್ಲ. ಹಿಮಕರಡಿಯ ಚಿತ್ರವಿರುವ ತ್ರಿಕೋನ ಫಲಕ ದಾಟಿದ ಮೇಲೆ ಮಾತು ಬೇರೆ: ಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಜೊತೆಯಲ್ಲಿರಬೇಕೆಂಬುದು ಕಾನೂನಾಗಿದ್ದು, ಬಾಡಿಗೆಗೆ ಬಂದೂಕು ಪಡೆಯಲೂ ರಾಜ್ಯಪಾಲರ ಕಚೇರಿಯ ಅನುಮತಿ ಬೇಕಾಗುವುದರಿಂದ, ಹೊಸಬರು ಮಾರ್ಗದರ್ಶಕರೊಡನೆ ಹೋಗುವುದೇ ಜಾಣತನ. ಇಲ್ಲಿನ ಆಸ್ಪತ್ರೆ ಚಿಕ್ಕದು, ಗಂಭೀರ ರೋಗಿಗಳನ್ನು ವಿಮಾನದಲ್ಲಿ ಮುಖ್ಯಭೂಮಿಯ ಟ್ರೊಮ್ಸೊಗೆ ಸಾಗಿಸಲಾಗುತ್ತದೆ; ಹೀಗಾಗಿ ರಕ್ಷಣಾ ಕಾರ್ಯಾಚರಣೆಯ ವೆಚ್ಚವನ್ನೂ ಭರಿಸುವ ವಿಮೆ ಮಾಡಿಸುವುದು ಒಳಿತು.

ಭಾರತ 2008ರಲ್ಲಿ ಆರಂಭಿಸಿದ ಹಿಮಾದ್ರಿ ಸಂಶೋಧನಾ ಕೇಂದ್ರ ಇರುವುದು ಇಲ್ಲಿಂದ ವಾಯವ್ಯಕ್ಕೆ ನೂರು ಕಿಲೋಮೀಟರಿಗೂ ಆಚೆಯ ನೀ-ಆಲೆಸುಂಡ್‌ನಲ್ಲಿ. ರಸ್ತೆಯಿಲ್ಲದ ಆ ನೆಲೆಗೆ ಬೇಸಿಗೆಯಲ್ಲಿ ಹಡಗುಗಳು ಪ್ರವಾಸಿಗರನ್ನು ಕರೆದೊಯ್ಯುತ್ತವೆಯಾದರೂ, ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ರೇಡಿಯೋ ತರಂಗಗಳು ಅಡ್ಡಿಯಾಗದಂತೆ ದಡ ಸೇರುವ ಮೊದಲೇ ಮೊಬೈಲಿನ ವೈಫೈ ಮತ್ತು ಬ್ಲೂಟೂತ್‌ಗಳನ್ನು ಆರಿಸಬೇಕಾಗುತ್ತದೆ.