ಹೆಲ್ಮೆಟ್ ತೊಟ್ಟರೆ ತವಕ್ಕುಲ್ ಕಡಿಮೆಯಾಗುವುದೇ?

ಬೈಕ್ ಓಡಿಸುವವರಿಗೆ ಹೆಲ್ಮೆಟ್ ಹಾಕಿಕೊಳ್ಳಿ ಎಂದರೆ ನಮ್ಮಲ್ಲಿ ಕೆಲವರು ಕೊಡುವ ಉತ್ತರ ಹೀಗಿರುತ್ತದೆ: ‘ಮೌತ್ ಬರೆದಿದ್ದರೆ ಹೆಲ್ಮೆಟ್ ತಡೆಯುತ್ತದೆಯೇ? ಅಲ್ಲಾಹನ ಮೇಲೆ ಭರವಸೆ ಇದೆ.’ ಮೇಲ್ನೋಟಕ್ಕೆ ಇದು ಈಮಾನಿನ ಮಾತಿನಂತೆಯೇ ಕೇಳಿಸುತ್ತದೆ. ಆದರೆ ತವಕ್ಕುಲ್ ಎಂದರೇನೆಂದು ನಮಗೆ ಕಲಿಸಿದ ಪ್ರವಾದಿ(ಸ)ಯವರು ಸ್ವತಃ ಹೇಗೆ ನಡೆದುಕೊಂಡರು ಎಂಬುದನ್ನು ಮೊದಲು ನೋಡಬೇಕು.

ಒಂಟೆಯನ್ನು ಕಟ್ಟಿ ಭರವಸೆ ಇಡಲೇ, ಬಿಟ್ಟು ಭರವಸೆ ಇಡಲೇ ಎಂದು ಒಬ್ಬರು ಕೇಳಿದಾಗ, ಮೊದಲು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಪ್ರವಾದಿ(ಸ) ಹೇಳಿದ್ದು ತಿರ್ಮಿಝಿಯಲ್ಲಿದೆ. ಈ ಹದೀಸ್ ನಮ್ಮ ಮಕ್ಕಳಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಮಾತು ಇನ್ನೊಂದಿದೆ. ಹಿಜರಿ 8ರಲ್ಲಿ ಮಕ್ಕಾ ವಿಜಯದ ದಿನ ಪ್ರವಾದಿ(ಸ) ನಗರವನ್ನು ಪ್ರವೇಶಿಸಿದಾಗ ಅವರ ತಲೆಯ ಮೇಲೆ ‘ಮಿಗ್‌ಫರ್’ ಇತ್ತೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಇದು ಬುಖಾರಿಯಲ್ಲಿದೆ. ಮಿಗ್‌ಫರ್ ಎಂದರೆ ಲೋಹದ ಶಿರಸ್ತ್ರಾಣ. ಉಹುದ್ ಯುದ್ಧದಲ್ಲಿ ಅವರು ಒಂದರ ಮೇಲೊಂದು ಎರಡು ಕವಚಗಳನ್ನು ತೊಟ್ಟಿದ್ದರೆಂದು ಅಬೂದಾವೂದ್ ವರದಿ ಇದೆ. ಅಲ್ಲಾಹನ ಮೇಲೆ ಅವರಿಗಿಂತ ಹೆಚ್ಚು ಭರವಸೆ ಇಟ್ಟವರು ಯಾರಿದ್ದಾರೆ? ಆದರೂ ಅವರು ಬರಿದಲೆಯಲ್ಲಿ ಯುದ್ಧಕ್ಕೆ ಹೋಗಲಿಲ್ಲ.

ಉಹುದ್‌ನಲ್ಲಿ ಬಿದ್ದ ಏಟಿಗೆ ಆ ಶಿರಸ್ತ್ರಾಣ ತಲೆಯ ಮೇಲೇ ಒಡೆಯಿತು. ಅದರ ಕೊಂಡಿಗಳು ಕೆನ್ನೆಗೆ ನಾಟಿದವು. ಹಝ್ರತ್ ಅಬೂ ಉಬೈದಾ(ರ) ತಮ್ಮ ಹಲ್ಲುಗಳಿಂದ ಅವುಗಳನ್ನು ಕಿತ್ತು ತೆಗೆದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಮುಂದೆ ಶಾಮ್‌ನಲ್ಲಿ ಪ್ಲೇಗ್ ಹರಡಿದಾಗ ಹಝ್ರತ್ ಉಮರ್(ರ) ಅಲ್ಲಿಗೆ ಹೋಗದೆ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಕೇಳಿದವರು ಇದೇ ಅಬೂ ಉಬೈದಾ(ರ). ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ಸಾರ. ಅಪಾಯ ತಕ್ದೀರ್ ಆದರೆ ಅದರಿಂದ ಕಾಯುವ ಸಾಧನವೂ ತಕ್ದೀರ್. ಸೂರಃ ಅನ್ನಹ್ಲ್‌ನ 81ನೇ ಆಯತ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುವಾಗ, ಬಿಸಿಲಿನಿಂದ ಕಾಯುವ ಬಟ್ಟೆಯ ಜೊತೆಗೆ ಯುದ್ಧದಲ್ಲಿ ಕಾಯುವ ಉಡುಪನ್ನೂ ಹೆಸರಿಸಿದ್ದಾನೆ. ಹಾಗಿದ್ದ ಮೇಲೆ ಅದನ್ನು ಮೊಳೆಗೆ ತೂಗುಹಾಕಿ ಹೊರಡುವುದು ಅನುಗ್ರಹವನ್ನು ತಿರಸ್ಕರಿಸಿದಂತೆ.

ನಮ್ಮ ಹಿರೇಹಳ್ಳಿಯ ಪರಿಸ್ಥಿತಿ ನೋಡೋಣ. ರಾಷ್ಟ್ರೀಯ ಹೆದ್ದಾರಿ 48 ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಒಂದು ಕಡೆ ಡಾಬಸ್‌ಪೇಟೆ, ಇನ್ನೊಂದು ಕಡೆ ಕ್ಯಾತ್ಸಂದ್ರ, ತುಮಕೂರು. ಬೆಂಗಳೂರು–ಪುಣೆ ಲಾರಿಗಳು ಹಗಲು ರಾತ್ರಿ ಓಡುವ ರಸ್ತೆ ಇದು. ಕೈಗಾರಿಕಾ ಪ್ರದೇಶದ ಪಾಳಿಗೆ ಹೋಗುವವರು, ಮಂಡಿಗೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡುವವರು ಬೈಕಿನಲ್ಲಿ ಇದೇ ರಸ್ತೆಗೆ ಇಳಿಯಬೇಕು. ‘ಇಲ್ಲೇ ಎರಡು ಕಿಲೋಮೀಟರ್, ಇಷ್ಟಕ್ಕೆ ಹೆಲ್ಮೆಟ್ ಯಾಕೆ’ ಎನ್ನುವ ಮಾತು ಹೆಚ್ಚಾಗಿ ಕೇಳಿಬರುವುದೂ ಇಲ್ಲೇ.

ಇದಕ್ಕೆ ಉತ್ತರ ಸರಳ ಲೆಕ್ಕದಲ್ಲಿದೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ 16 ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ. ನಾಯಿ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಆ ದೂರ ಮುಗಿಯುತ್ತದೆ. ನಿಧಾನವಾಗಿ ಹೋದರೂ ಅಪಾಯ ತಪ್ಪಿದ್ದಲ್ಲ. ಸೀಟಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ನಿಂತ ಬೈಕಿನಿಂದ ಉರುಳಿದರೂ ಆ ಎತ್ತರದಿಂದ ಬೀಳುವ ತಲೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ.

ಹೆಲ್ಮೆಟ್ ಕೆಲಸ ಮಾಡುವುದು ಇಲ್ಲಿಯೇ. ಅದರ ಹೊರಗಿನ ಗಟ್ಟಿ ಚಿಪ್ಪು ಏಟನ್ನು ಹರಡುತ್ತದೆ. ಒಳಗಿನ ಥರ್ಮಕೋಲ್ ಪದರ ತಾನು ಜಜ್ಜಿಹೋಗಿ, ಮಿದುಳಿಗೆ ತಗಲುವ ಹೊಡೆತವನ್ನು ಕಡಿಮೆ ಮಾಡುತ್ತದೆ. ಉಹುದ್‌ನ ಶಿರಸ್ತ್ರಾಣದಂತೆ ಇದೂ ಏಟನ್ನು ತಾನು ತೆಗೆದುಕೊಂಡು ಒಡೆಯುತ್ತದೆ. ಆದ್ದರಿಂದಲೇ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಸತ್ತಿರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು, ಹೆಲ್ಮೆಟ್‌ನಿಂದ ಸಾವಿನ ಸಂಭವ ಸುಮಾರು ಶೇ. 42ರಷ್ಟು, ತಲೆಗೆ ಗಾಯವಾಗುವ ಸಂಭವ ಸುಮಾರು ಶೇ. 69ರಷ್ಟು ತಗ್ಗುತ್ತದೆಂದು ಕಂಡುಕೊಂಡಿದ್ದಾರೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ರಸ್ತೆ ಅಪಘಾತದಲ್ಲಿ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು.

ಹಝ್ರತ್ ದಾವೂದ್(ಅ) ಅವರಿಗೆ ಕವಚ ಮಾಡಲು ಕಲಿಸಿದ ಅಲ್ಲಾಹನು, ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸುವಂತೆಯೂ ಆಜ್ಞಾಪಿಸಿದನು (ಸೂರಃ ಸಬಾ, 11). ಕಾಟಾಚಾರದ ಕವಚ ಕವಚವಲ್ಲ. ಪೊಲೀಸರಿಗೆ ತೋರಿಸಲೆಂದು ರಸ್ತೆ ಬದಿಯಲ್ಲಿ ಕೊಂಡ ಅರ್ಧ ಟೋಪಿಗೂ ಇದೇ ಮಾತು ಅನ್ವಯಿಸುತ್ತದೆ. ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಅದು ಜಾರಬಾರದು. ಗಲ್ಲದ ಪಟ್ಟಿ ಬಿಗಿಯಾಗಿರಬೇಕು, ಕೆಳಗೆ ಒಂದೆರಡು ಬೆರಳಷ್ಟೇ ತೂರಬೇಕು. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ನಮಗಿಂತ ಮೊದಲು ಹಾರಿಹೋಗುತ್ತದೆ.

ತಲೆಯ ನಂತರ ಕೈ. ಬೀಳುವ ಮನುಷ್ಯ ತನಗರಿವಿಲ್ಲದೆ ಮೊದಲು ಅಂಗೈ ಊರುತ್ತಾನೆ. ಟಾರು ರಸ್ತೆ ಚರ್ಮವನ್ನು ಉಜ್ಜಿ ಕಿತ್ತುಬಿಡುತ್ತದೆ. ಯಂತ್ರದ ಮುಂದೆ ನಿಲ್ಲುವವರು, ಟೈಲರ್‌ಗಳು, ಮೆಕ್ಯಾನಿಕ್‌ಗಳು, ಬಡಗಿಗಳು ನಮ್ಮಲ್ಲಿ ಬಹಳ. ಅವರಿಗೆ ಕೈ ಎಂದರೆ ಮನೆಯ ರಿಝ್ಕ್. ಎರಡು ತಿಂಗಳು ಕೈ ಕಟ್ಟಿ ಕೂತರೆ ಬಾಡಿಗೆ ಯಾರು ಕಟ್ಟುತ್ತಾರೆ? ಗಟ್ಟಿಯಾದ ಗ್ಲೌಸ್, ಚಪ್ಪಲಿಯ ಬದಲು ಕಣಕಾಲು ಮುಚ್ಚುವ ಶೂ, ದಪ್ಪ ಪ್ಯಾಂಟು, ತುಂಬು ತೋಳಿನ ದಪ್ಪ ಜಾಕೆಟ್ ಇರಲಿ. ಮೊಣಕೈ, ಭುಜ, ಮಂಡಿಗೆ ಗಟ್ಟಿ ಪ್ಯಾಡ್ ಇರುವ ಉಡುಪು ಇನ್ನೂ ಒಳ್ಳೆಯದು, ಆದರೆ ದುಬಾರಿ. ಎಲ್ಲವನ್ನೂ ಒಮ್ಮೆಲೇ ಕೊಳ್ಳಲಾಗದವರು ಒಳ್ಳೆಯ ಹೆಲ್ಮೆಟ್‌ನಿಂದ ಶುರು ಮಾಡಲಿ, ಒಂದೊಂದಾಗಿ ಸೇರಿಸಲಿ.

ಹಿಂದೆ ಕೂರುವ ತಾಯಂದಿರು, ಸಹೋದರಿಯರ ವಿಷಯವನ್ನು ನಾವು ಮರೆಯುತ್ತೇವೆ. ಗಂಡ ಹೆಲ್ಮೆಟ್ ಹಾಕಿರುತ್ತಾನೆ, ಹೆಂಡತಿ ಬುರ್ಖಾದಲ್ಲಿ ಮಗುವನ್ನು ಎತ್ತಿಕೊಂಡು ಬರಿದಲೆಯಲ್ಲಿ ಕುಳಿತಿರುತ್ತಾಳೆ. ಹಿಜಾಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎನ್ನುವುದು ಸರಿಯಲ್ಲ. ತೆಳುವಾದ ಬಟ್ಟೆಯನ್ನು ಗಂಟಿಲ್ಲದಂತೆ ಸಪಾಟಾಗಿ ಸುತ್ತಿ, ಒಳಗೆ ಪಿನ್ ಇಲ್ಲದಂತೆ ನೋಡಿಕೊಂಡರೆ ಸರಿಯಾಗಿಯೇ ಕೂರುತ್ತದೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸಿಗದಂತೆ ಮಡಚಿ ಕೂರಬೇಕು, ಸೀರೆ ಗಾರ್ಡನ್ನು ಬಿಚ್ಚಿಸಬಾರದು. ಕಾನೂನು ಕೂಡ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಅವರ ಅಳತೆಯ ಹೆಲ್ಮೆಟ್, ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಕಿ.ಮೀ. ಮೀರಬಾರದು. ಹೆಂಡತಿ ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದರ ಬಗ್ಗೆ ನಮ್ಮನ್ನು ಪ್ರಶ್ನಿಸಲಾಗುವುದು.

ಜುಮಾದ ದಿನ ನಾವೇ ಮಾಡುವ ತಪ್ಪನ್ನೂ ಹೇಳಬೇಕು. ಅಝಾನ್ ಆದ ಮೇಲೆ ತಲೆಗೆ ಟೋಪಿ ಹಾಕಿ, ಒಂದೇ ಬೈಕಿನಲ್ಲಿ ಮೂವರು ಕುಳಿತು, ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಮಸೀದಿಗೆ ನುಗ್ಗುತ್ತೇವೆ. ರಮಝಾನ್‌ನಲ್ಲಿ ಇಫ್ತಾರ್ ಹೊತ್ತಿಗೂ ಇದೇ ಧಾವಂತ. ಇಖಾಮತ್ ಕೇಳಿದರೂ ಓಡದೆ, ಶಾಂತಿ ಗಾಂಭೀರ್ಯದಿಂದ ಬರಲು ಪ್ರವಾದಿ(ಸ) ಹೇಳಿದ್ದಾರೆ. ನಡೆದು ಬರುವವರಿಗೇ ಈ ಮಾತಾದರೆ ಬೈಕಿನಲ್ಲಿ ಬರುವವರಿಗೆ ಎಷ್ಟಿರಬೇಡ? ಹತ್ತು ನಿಮಿಷ ಮೊದಲು ಹೊರಡೋಣ. ಟೋಪಿ ಜೇಬಿನಲ್ಲಿರಲಿ, ರಸ್ತೆಯಲ್ಲಿ ಹೆಲ್ಮೆಟ್ ಇರಲಿ. ಮಸೀದಿ ಕಮಿಟಿಯವರು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಹೆಲ್ಮೆಟ್ ಇಡಲು ಒಂದು ಕಪಾಟು ಮಾಡಿಸಿದರೆ, ಎಲ್ಲಿ ಇಡುವುದೆಂಬ ನೆಪವೂ ಉಳಿಯುವುದಿಲ್ಲ. ಹೊಸ ಬೈಕ್ ಕೊಂಡ ಮಗನಿಗೆ ತಂದೆ ಕೀಲಿ ಕೊಡುವ ಮೊದಲು ಎರಡು ಹೆಲ್ಮೆಟ್ ಕೊಡಿಸಲಿ, ಒಂದು ಅವನಿಗೆ, ಒಂದು ಹಿಂದೆ ಕೂರುವವರಿಗೆ.

ಪಟ್ಟಿ ಬಿಗಿದುಕೊಂಡು, ಬಿಸ್ಮಿಲ್ಲಾಹ್ ಎಂದು ಸವಾರಿಯ ದುಆ ಓದಿ ಹೊರಡೋಣ. ಅಲ್ಲಾಹನು ನಮ್ಮೆಲ್ಲರನ್ನೂ ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.